ಅವಳು ಇವತ್ತು ನನ್ನ ಮಾತಾಡಿಸ್ಲಿಲ್ಲ

ಬೆಳಿಗ್ಗೆ ಆರೂವರೆ. ನಾನಿನ್ನೂ ಆಸ್ಪತ್ರೆಯ ಬೀಗ ತೆಗೆಯುತ್ತಿದ್ದೆ. ನಮ್ಮ ಹುಲಿ ಕೀಪರ್ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದು ನಿಂತರು. ಮುಖ ಸಪ್ಪಗಿತ್ತು.

"ಡಾಕ್ಟ್ರಮ್ಮ, ಅವಳು ಇವತ್ತು ನನ್ನ ಮಾತಾಡಿಸ್ಲಿಲ್ಲ" ಅಂದರು.

ಅವಳು ಅಂದರೆ ತುಂಗಾ. ನಮ್ಮ ಝೂನ ಹಿರಿಯ ಹೆಣ್ಣು ಹುಲಿ. ಆಗ ಅವಳಿಗೆ 17 ವರ್ಷ. ಕಾಡಿನಲ್ಲಿ ಹುಲಿ ಅಷ್ಟು ವರ್ಷ ಬದುಕುವುದು ತೀರಾ ಅಪರೂಪ. ಹೊತ್ತುಹೊತ್ತಿಗೆ ಊಟ, ನೆರಳು, ಔಷಧಿ ಸಿಗುವ ಕಡೆ ಮಾತ್ರ ಆ ವಯಸ್ಸು ಕಾಣಲು ಆಗುತ್ತದೆ.

ಹುಲಿ ಗರ್ಜಿಸುವುದು ಎಲ್ಲರಿಗೂ ಗೊತ್ತು. ಆದರೆ ತನಗೆ ಬೇಕಾದವರು ಕಂಡಾಗ ಅದು ಬಾಯಿ ಮುಚ್ಚಿಕೊಂಡು ಮೂಗಿನಿಂದ ಫುರ್ ಫುರ್ ಅಂತ ಉಸಿರು ಬಿಡುತ್ತದೆ. ತಾಯಿ ಹುಲಿ ಮರಿಗಳ ಹತ್ತಿರ ಬರುವಾಗ ಮಾಡುವ ಸದ್ದೇ ಅದು. ಸಿಂಹಕ್ಕೆ ಈ ಸದ್ದಿಲ್ಲ. ತುಂಗಾ ಈ ಕೀಪರ್ ಹಿಂಬಾಗಿಲು ತೆಗೆಯುವ ಸದ್ದು ಕೇಳಿದರೆ ಸಾಕು, ಎದ್ದು ಬಂದು ಫುರ್ ಅನ್ನುತ್ತಿದ್ದಳು. 11 ವರ್ಷ ದಿನವೂ ಅನ್ನುತ್ತಿದ್ದಳು. ಅವರೂ ತುಟಿ ಒತ್ತಿ ಹಾಗೇ ಸದ್ದು ಮಾಡಿ ಉತ್ತರ ಕೊಡುತ್ತಿದ್ದರು. ಇಬ್ಬರದೂ ಅದೇ ನಮಸ್ಕಾರ.

ಆ ದಿನ ಅವಳು ತಲೆ ಎತ್ತಿ ನೋಡಿದಳಂತೆ, ಅಷ್ಟೇ. ಹಿಂದಿನ ರಾತ್ರಿ ಹಾಕಿದ ಮಾಂಸ ಪೂರ್ತಿ ತಿಂದಿದ್ದಳು. ಮಲ ಸರಿಯಾಗಿತ್ತು. ನಡಿಗೆಯಲ್ಲಿ ಕುಂಟಿಲ್ಲ. ರಿಪೋರ್ಟ್ ಪುಸ್ತಕದಲ್ಲಿ ಬರೆಯಲು ಏನೂ ಇಲ್ಲ. ಆದರೂ ಅವರು ಸೈಕಲ್ ತುಳಿದುಕೊಂಡು ಬಂದು ಹೇಳಿದರು. ನಾನು ಆ ದಿನವೇ ರಕ್ತ ತೆಗೆಸಿದೆ. ಸಂಜೆ ಲ್ಯಾಬ್‌ನಿಂದ ಫೋನ್ ಬಂತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸ ರಕ್ತದಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು. ಮೂತ್ರಪಿಂಡ ಸೋಲಲು ಶುರುವಾಗಿತ್ತು.

ಝೂ ಡಾಕ್ಟರ್ ಅಂದರೆ ಜನಕ್ಕೆ ಮೊದಲು ಕಣ್ಣಿಗೆ ಬರುವುದು ಅರಿವಳಿಕೆ ಗನ್. ಊರಿಗೆ ಹೋದಾಗ ಮಕ್ಕಳು ಕೇಳುವುದೂ ಅದನ್ನೇ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ತರಬೇತಿಗೆ ಬರುವ ಹುಡುಗ ಹುಡುಗಿಯರ ಕಣ್ಣೂ ಮೊದಲ ದಿನ ಆ ಗನ್ ಇಡುವ ಕಪಾಟಿನ ಮೇಲೇ ಇರುತ್ತದೆ. ಅವರಿಗೆ ನಾನು ಹೇಳುವುದು ಒಂದೇ. ಮೊದಲ ಹದಿನೈದು ದಿನ ಕೀಪರ್ ಜೊತೆ ನಡೆಯಿರಿ. ಸ್ಟೆತಸ್ಕೋಪ್ ಚೀಲದಲ್ಲೇ ಇರಲಿ. ಅವರು ಏನು ನೋಡುತ್ತಾರೋ ಅದನ್ನು ನೋಡಿ.

ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ನಾನು ಹಾಸನ ಕಡೆಯವಳು. ಮನೆಯಲ್ಲಿ ದನ, ಎಮ್ಮೆ, ಕುರಿ ಎಲ್ಲ ಇದ್ದವು. ನಾಲ್ಕನೇ ಕ್ಲಾಸಿನಲ್ಲಿ ಶಾಲೆಯ ಪ್ರವಾಸಕ್ಕೆ ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ ಶುರುವಾದ ಝೂ ಅದು. ಜಿರಾಫೆ ಮುಂದೆ ನಿಂತು ಬಸ್ಸಿನ ಹೊತ್ತು ಮರೆತಿದ್ದೆ. ಮೇಷ್ಟ್ರು ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಹೆಬ್ಬಾಳದಲ್ಲಿ ಓದು ಮುಗಿಸಿ ಪಶುಸಂಗೋಪನೆ ಇಲಾಖೆ ಸೇರಿದೆ. ಆರು ವರ್ಷ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಹಸು, ಎಮ್ಮೆ, ಕುರಿ ನೋಡಿಕೊಂಡಿದ್ದೆ. ಆಮೇಲೆ ಎರವಲು ಸೇವೆ ಮೇಲೆ ಝೂಗೆ ಬಂದೆ. ಬಂದು 22 ವರ್ಷ ಆಯಿತು.

ಹಳ್ಳಿಯಲ್ಲಿ ಹಸು ನೋಡುವಾಗ ಮೊದಲು ಕೈ ಹೋಗುವುದು ಅದರ ಕಿವಿಗೆ. ಬಿಸಿ ಇದೆಯಾ, ತಣ್ಣಗಿದೆಯಾ. ಆಮೇಲೆ ಎಡಗಡೆ ಹೊಟ್ಟೆಗೆ ಮುಷ್ಟಿ ಒತ್ತಿ ನೋಡುವುದು. ಪಕ್ಕದಲ್ಲೇ ಮನೆಯಾಕೆ ನಿಂತು "ನಿನ್ನೆ ಸಂಜೆಯಿಂದ ಮೆಲುಕು ಹಾಕಿಲ್ಲ ಕಣಮ್ಮ" ಅನ್ನುತ್ತಾಳೆ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಝೂನಲ್ಲಿ ಮೊದಲ ದಿನ ನನ್ನನ್ನು ಒಂದು ಕಾಟಿಯ ಮುಂದೆ ನಿಲ್ಲಿಸಿದರು. ಅದೂ ದನದ ಜಾತಿಯೇ. ಅದಕ್ಕೂ ನಾಲ್ಕು ಭಾಗದ ಹೊಟ್ಟೆ, ಅದೂ ಮೆಲುಕು ಹಾಕುತ್ತದೆ. ಓದಿದ್ದೆಲ್ಲ ಇದಕ್ಕೂ ಹೊಂದುತ್ತದೆ ಅಂದುಕೊಂಡೆ. ಆದರೆ ನನಗೂ ಅದಕ್ಕೂ ನಡುವೆ ಒಂದು ಕಂದಕ, ಒಂದು ಬೇಲಿ. ಕಿವಿ ಮುಟ್ಟುವ ಹಾಗಿಲ್ಲ. ಮುಷ್ಟಿ ಒತ್ತುವ ಹಾಗಿಲ್ಲ. ಕೈ ಕಟ್ಟಿ ಹಾಕಿದ ಹಾಗಾಯಿತು.

ಅದಕ್ಕಿಂತ ಕಷ್ಟ ಇನ್ನೊಂದಿದೆ. ಕಾಡುಪ್ರಾಣಿ ತನ್ನ ನೋವು ಮುಚ್ಚಿಡುತ್ತದೆ. ಕಾಡಿನಲ್ಲಿ ಕುಂಟುವ ಜಿಂಕೆಯ ಮೇಲೆ ಎಲ್ಲರ ಕಣ್ಣು. ಸೋತ ಹುಲಿಯ ಜಾಗಕ್ಕೆ ಇನ್ನೊಂದು ಹುಲಿ ಬರುತ್ತದೆ. ಹಾಗಾಗಿ ಆಗುವಷ್ಟು ದಿನ ಸರಿಯಿರುವ ಹಾಗೇ ನಡೆಯುತ್ತದೆ, ತಿನ್ನುತ್ತದೆ. ಹೊರಗೆ ಕಾಣುವಷ್ಟು ಕಾಯಿಲೆ ಆಗುವ ಹೊತ್ತಿಗೆ ಒಳಗೆ ಬಹಳ ಕೆಟ್ಟಿರುತ್ತದೆ. ಝೂನಲ್ಲಿ ಹುಟ್ಟಿ ಬೆಳೆದ ಪ್ರಾಣಿಯೂ ಈ ಸ್ವಭಾವ ಬಿಡುವುದಿಲ್ಲ.

ಇದನ್ನು ಹಿಡಿಯುವುದು ಯಾರು? ದಿನವೂ ಗುಡಿಸುವವರು, ನೀರು ಬದಲಾಯಿಸುವವರು, ಉಳಿದ ಮೂಳೆ ಎತ್ತುವವರು.

ನಮ್ಮ ರೌಂಡ್ಸ್ ಜನ ಒಳಗೆ ಬರುವ ಮೊದಲೇ ಶುರು. ಪ್ರತಿ ಮನೆಯ ಹತ್ತಿರವೂ ಕೀಪರ್ ನಿಂತಿರುತ್ತಾರೆ. ರಾತ್ರಿ ಎಷ್ಟು ತಿಂದಿದೆ, ಎಷ್ಟು ಬಿಟ್ಟಿದೆ, ಲದ್ದಿ ಗಟ್ಟಿಯೋ ತೆಳುವೋ, ನೀರಿನ ತೊಟ್ಟಿ ಎಷ್ಟು ಇಳಿದಿದೆ, ಎಲ್ಲ ಹೇಳುತ್ತಾರೆ. ಆಮೇಲೆ ಒಂದೊಂದು ಮಾತು ಬರುತ್ತದೆ. ಅದಕ್ಕೆ ನಾನು ಕಿವಿ ನೆಟ್ಟಿರುತ್ತೇನೆ. "ಮಂಕಾಗಿದೆ." "ಮುದುಡಿಕೊಂಡಿದೆ." "ಮೂಲೆ ಹಿಡಿದಿದೆ." "ಯಾಕೋ ಸಿಡುಕ್ತಾ ಇದೆ." ಮೊದಲೆಲ್ಲ ನಾನು ಇವನ್ನೆಲ್ಲ ಸೇರಿಸಿ ರಿಜಿಸ್ಟರಿನಲ್ಲಿ ‘ಡಲ್’ ಅಂತ ಒಂದೇ ಮಾತು ಬರೆಯುತ್ತಿದ್ದೆ. ಎಂಥ ನಷ್ಟ! ಜಿಂಕೆ ಮೂಲೆ ಹಿಡಿದಿದೆ ಅಂದರೆ ಗುಂಪು ಬಿಟ್ಟು ನಿಂತಿದೆ ಅಂತ. ಹೆಣ್ಣಾದರೆ ಮರಿ ಹಾಕುವ ಹೊತ್ತಿರಬಹುದು, ಗಂಡಾದರೆ ಕಾದಾಡಿ ಏಟು ತಿಂದಿರಬಹುದು. ಮುದುಡಿಕೊಂಡಿದೆ ಅಂದರೆ ಹೊಟ್ಟೆನೋವು ಇರಬಹುದು. ಮಂಕಾಗಿದೆ ಅಂದರೆ ಜ್ವರದ ಕಡೆ ನೋಡಬೇಕು. ಈಗ ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ, ಕನ್ನಡದಲ್ಲೇ.

ಕರಡಿ ಕೀಪರ್ ಒಬ್ಬರಿದ್ದರು. ಕರಡಿಗಳಿಗೆ ರಾಗಿ ಗಂಜಿ ಕೊಡುತ್ತೇವೆ. ಒಂದು ದಿನ ಅವರು "ಗಂಜಿ ಕುಡಿಯುವಾಗ ತಲೆ ಓರೆ ಮಾಡ್ತಾನೆ, ಎಡಗಡೆ ತಾಗಿಸಲ್ಲ" ಅಂದರು. ಕರಡಿ ಗಂಜಿ ಪೂರ್ತಿ ಖಾಲಿ ಮಾಡಿತ್ತು. ತೂಕ ಇಳಿದಿರಲಿಲ್ಲ. ಅರಿವಳಿಕೆ ಕೊಟ್ಟು ಬಾಯಿ ತೆಗೆದು ನೋಡಿದರೆ ಎಡಗಡೆ ಕೋರೆಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ದವಡೆ ಮೂಳೆಗೆ ಇಳಿಯುತ್ತಿತ್ತು. ಅವರು ಓದಿದ್ದು ಏಳನೇ ಕ್ಲಾಸು. ಆ ಓರೆ ತಲೆ ನನಗೆ ಕಂಡಿರಲಿಲ್ಲ. ದಿನಕ್ಕೆ ಎರಡು ನಿಮಿಷ ನೋಡುವವಳಿಗೆ ಅದು ಕಾಣುವುದೂ ಇಲ್ಲ.

ಇನ್ನು ಆ ಗನ್ನಿನ ವಿಷಯ. ಹೇಳದೇ ಇದ್ದರೆ ನಮ್ಮ ತಮ್ಮನ ಮಗ ಬಿಡುವುದಿಲ್ಲ.

ಮದ್ದು ತುಂಬಿದ ಸೂಜಿಬಾಣ ಹೊಡೆದ ತಕ್ಷಣ ಪ್ರಾಣಿ ಧೊಪ್ಪನೆ ಬೀಳುವುದು ಸಿನಿಮಾದಲ್ಲಿ ಮಾತ್ರ. ನಿಜದಲ್ಲಿ ಹತ್ತು ಹದಿನೈದು ನಿಮಿಷ ಬೇಕು. ಕೆಲವು ಸಲ ಇನ್ನೂ ಜಾಸ್ತಿ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಓಡಾಡಬಾರದು. ಸದ್ದಾದರೆ ಪ್ರಾಣಿ ಮದ್ದಿನ ಜೊತೆ ಹೋರಾಡುತ್ತದೆ. ಹುಲಿ, ಚಿರತೆಗೆ ಬಹಳ ಕಡೆ ಬಳಸುವುದು ಜೈಲಜಿನ್ ಮತ್ತು ಕೆಟಮಿನ್ ಸೇರಿಸಿದ ಮದ್ದು. ಅದರ ಒಂದು ಹೆಸರಾಂತ ಮಿಶ್ರಣ ಹುಟ್ಟಿದ್ದು ಜರ್ಮನಿಯ ಮ್ಯೂನಿಕ್ ನಗರದ ಹೆಲ್ಲಾಬ್ರುನ್ ಝೂನಲ್ಲಿ. ಒಂದು ಮಿಲಿಯಲ್ಲಿ 125 ಮಿಲಿಗ್ರಾಂ ಜೈಲಜಿನ್, 100 ಮಿಲಿಗ್ರಾಂ ಕೆಟಮಿನ್. ಮದ್ದು ಇಷ್ಟು ಗಟ್ಟಿಯಾಗಿರುವುದರಿಂದ ಸಣ್ಣ ಸೂಜಿಬಾಣದಲ್ಲೇ ದೊಡ್ಡ ಪ್ರಾಣಿಗೆ ಸಾಕಾಗುವಷ್ಟು ಹಿಡಿಯುತ್ತದೆ. ಬಾಣ ಚಿಕ್ಕದಾದಷ್ಟೂ ಮೈಗೆ ಏಟು ಕಡಿಮೆ.

ಜೈಲಜಿನ್ ಕೊಟ್ಟರೆ ಬೆಕ್ಕಿನ ಜಾತಿಗೆ ವಾಂತಿ ಬರುತ್ತದೆ. ಹೊಟ್ಟೆ ತುಂಬಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯ. ಹಾಗಾಗಿ ಆಗುವಷ್ಟು ಮಟ್ಟಿಗೆ ವಾರದ ರಜೆಯ ದಿನವನ್ನೇ ನೋಡಿಕೊಳ್ಳುತ್ತೇವೆ. ಆ ದಿನ ಜನ ಇರುವುದಿಲ್ಲ. ಹುಲಿ, ಸಿಂಹಗಳಿಗೆ ವಾರಕ್ಕೊಂದು ದಿನ ಊಟ ಕೊಡುವುದೂ ಇಲ್ಲ. ಕಾಡಿನಲ್ಲಿ ದಿನಾ ಬೇಟೆ ಸಿಗುತ್ತದಾ? ನಮ್ಮ ಕೀಪರ್‌ಗಳು "ಇವತ್ತು ಅವಕ್ಕೆ ಏಕಾದಶಿ" ಅನ್ನುತ್ತಾರೆ.

ಪ್ರಾಣಿ ಮಲಗಿದ ಮೇಲೆ ಉದ್ದನೆಯ ಕೋಲಿನಿಂದ ಕಿವಿ ಮುಟ್ಟಿ ನೋಡುತ್ತೇವೆ. ಕಿವಿ ಅದುರಿದರೆ ಇನ್ನೂ ಕಾಯಬೇಕು. ಅದುರದಿದ್ದರೆ ಒಳಗೆ ಹೋಗಿ ಮೊದಲು ಕತ್ತು ನೇರ ಮಾಡಿ ನಾಲಿಗೆ ಹೊರಗೆ ಎಳೆಯುತ್ತೇವೆ, ಉಸಿರಿಗೆ ದಾರಿ ಇರಲಿ ಅಂತ. ಕೆಟಮಿನ್‌ನಲ್ಲಿ ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಮುಲಾಮು ಹಾಕಿ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತೇವೆ. ಒಬ್ಬರು ಉಸಿರು ಎಣಿಸುತ್ತಾರೆ, ಒಬ್ಬರು ಥರ್ಮಾಮೀಟರ್ ನೋಡುತ್ತಾರೆ. ಕೆಲಸ ಮುಗಿದ ಮೇಲೆ ಯೋಹಿಂಬಿನ್ ಅಥವಾ ಅಟಿಪಮೆಜೋಲ್ ಕೊಟ್ಟು ಎಬ್ಬಿಸುತ್ತೇವೆ. ಅದು ಎದ್ದು, ನಾಲ್ಕು ಹೆಜ್ಜೆ ಇಟ್ಟು, ನೀರು ಕುಡಿಯುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.

ದೊಡ್ಡ ಸಸ್ಯಾಹಾರಿಗಳಿಗೆ ಎಟಾರ್ಫಿನ್ ಅಂತ ಒಂದು ಮದ್ದಿದೆ. ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಬಲ ಅದಕ್ಕೆ. ಗಾಯದ ಮೇಲೆ ಒಂದು ಹನಿ ಬಿದ್ದರೂ ಮನುಷ್ಯನ ಜೀವಕ್ಕೆ ಅಪಾಯ. ಅದನ್ನು ಬಾಣಕ್ಕೆ ತುಂಬುವಾಗ ಎದುರು ಮದ್ದು ಕೈಗೆಟುಕುವ ಹಾಗೆ ಇಟ್ಟುಕೊಂಡು, ಪಕ್ಕದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿಕೊಂಡೇ ತುಂಬಬೇಕು. ಒಬ್ಬರೇ ಮುಟ್ಟುವ ಮದ್ದಲ್ಲ ಅದು.

ಇಷ್ಟೆಲ್ಲ ಬಂದರೂ ಕಲಿಯಬೇಕಾದ ದೊಡ್ಡ ವಿಷಯ ಬೇರೆ ಇತ್ತು. ಅದನ್ನು ಒಂದು ಜಿಂಕೆ ಕಲಿಸಿತು. ಅದರ ಜೀವ ಹೋಯಿತು.

ನಾನು ಬಂದು ಮೂರನೇ ವರ್ಷ. ಒಂದು ದೊಡ್ಡ ಗಂಡು ಜಿಂಕೆ ಉಳಿದ ಗಂಡುಗಳನ್ನು ಕೊಂಬಿನಿಂದ ತಿವಿಯುತ್ತಿತ್ತು. ಅದನ್ನು ಬೇರೆ ಜಾಗಕ್ಕೆ ಸಾಗಿಸಬೇಕು ಅಂತ ತೀರ್ಮಾನ ಆಗಿತ್ತು. ಏಪ್ರಿಲ್ ತಿಂಗಳು. ಬೆಳಿಗ್ಗೆ ಆರಕ್ಕೆ ಬರಬೇಕಿದ್ದ ಲಾರಿ ಬಂದಿದ್ದು ಹನ್ನೊಂದೂವರೆಗೆ. ಜಿಂಕೆ ಕೀಪರ್ ಹತ್ತಿರ ಬಂದು "ಇವತ್ತು ಬೇಡಮ್ಮ, ಬಿಸಿಲು ಏರೈತೆ. ನಾಳೆ ನಸುಕಿಗೆ ಮಾಡಣ" ಅಂದರು. ಲಾರಿ ಕಾಯುತ್ತಿತ್ತು, ಆಳುಗಳು ಬಂದಿದ್ದರು, ಕಾಗದಪತ್ರ ಆ ದಿನಕ್ಕೆ ಆಗಿತ್ತು. ಬೇಗ ಮುಗಿಸಿಬಿಡೋಣ ಅಂದೆ. ಹಾಗಂದವಳು ನಾನೇ.

ಮೊದಲ ಬಾಣ ಗುರಿ ತಪ್ಪಿತು. ಜಿಂಕೆ ಓಡಿತು. ಅದರ ಹಿಂದೆ ಗುಂಪೆಲ್ಲ ಓಡಿತು. ಎರಡನೇ ಬಾಣ ತೊಡೆಗೆ ಸರಿಯಾಗಿ ಬಿತ್ತು. ಅಷ್ಟರಲ್ಲಿ ಅದು ಬೇಲಿಯುದ್ದಕ್ಕೂ ನಾಲ್ಕೈದು ಸುತ್ತು ಹಾಕಿತ್ತು. ಮಲಗಿದಾಗ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮೈ ಕೆಂಡದ ಹಾಗಿತ್ತು. ನೀರು ಹುಯ್ದೆವು, ಐಸ್ ಇಟ್ಟೆವು, ಡ್ರಿಪ್ ಹಾಕಿದೆವು. ಎದ್ದು ನಿಂತಿತು. ಎಲ್ಲರೂ ಉಸಿರು ಬಿಟ್ಟೆವು. ಸಾಗಿಸುವುದನ್ನು ನಿಲ್ಲಿಸಿ ಆಸ್ಪತ್ರೆಯ ಪಕ್ಕದ ಕೊಟ್ಟಿಗೆಯಲ್ಲಿ ಇಟ್ಟುಕೊಂಡೆವು.

ಮಾರನೇ ದಿನ ಬೆಳಿಗ್ಗೆ ಹಿಂಗಾಲು ಎಳೆಯುತ್ತಿತ್ತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಭಯಬಿದ್ದು ಓಡಿದಾಗ, ಅದರ ಜೊತೆ ಬಿಸಿಲೂ ಸೇರಿದಾಗ, ಸ್ನಾಯುಗಳೇ ಒಳಗೆ ಒಡೆಯುತ್ತವೆ. ಒಡೆದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಬಿಡುತ್ತದೆ. ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ಜಿಂಕೆ, ಕೃಷ್ಣಮೃಗದಂಥ ಪ್ರಾಣಿಗಳಿಗೆ ಇದು ಬೇಗ ಆಗುತ್ತದೆ. ಬಂದ ಮೇಲೆ ಉಳಿಸುವುದು ಬಹಳ ಕಷ್ಟ, ಬರದ ಹಾಗೆ ನೋಡಿಕೊಳ್ಳಬೇಕು. ಇದೆಲ್ಲ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮೂರನೇ ದಿನ ಮಧ್ಯಾಹ್ನ ಅದು ಸತ್ತಿತು.

ಆ ಕೀಪರ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಸಂಜೆ ಅವರ ಹತ್ತಿರ ಹೋಗಿ "ನಿಮ್ಮ ಮಾತು ಕೇಳಬೇಕಿತ್ತು ಅಣ್ಣ" ಅಂದೆ. ಅವರು ಜಿಂಕೆಗಳಿಗೆ ಹುಲ್ಲು ಹರಡುತ್ತಾ "ಇನ್ನೊಂದು ಸಲ ನೋಡಣ ಬಿಡಿ" ಅಂದರು.

ಆ ಇನ್ನೊಂದು ಸಲ ಅನ್ನುವುದನ್ನು ನಾನು ಬಿಟ್ಟಿಲ್ಲ. ಈಗ ಜಿಂಕೆ ಸಾಗಿಸಬೇಕಾದರೆ ಬಾಣ ಹೊಡೆಯುವುದು ಕೊನೆಯ ದಾರಿ. ಬಟ್ಟೆ ಕಟ್ಟಿದ ಓಣಿ ಮಾಡಿ, ಅದರ ಕೊನೆಯಲ್ಲಿ ದಿನಾ ಮೇವು ಇಡುತ್ತೇವೆ. ಹದಿನೈದು ದಿನವೋ, ತಿಂಗಳೋ. ಅವು ತಾವೇ ಬಂದು ತಿಂದು ಹೋಗುವುದು ಅಭ್ಯಾಸ ಆದ ಮೇಲೆ ಒಂದು ದಿನ ನಸುಕಿನಲ್ಲಿ ಬಾಗಿಲು ಹಾಕುತ್ತೇವೆ. ಬಿಸಿಲು ಏರಿದರೆ ಆ ದಿನ ಇಲ್ಲ. ಲಾರಿ ಬಂದು ನಿಂತಿದ್ದರೂ ಇಲ್ಲ. ಕೀಪರ್ ಬೇಡ ಅಂದರೆ ಬೇಡ. ಹಿರಿಯ ವೈದ್ಯೆ ಅಂತ ನನಗಿರುವ ಅಧಿಕಾರವನ್ನು ನಾನು ಜಾಸ್ತಿ ಬಳಸುವುದು ಇಲ್ಲಿಯೇ, ಮೇಲಿನವರಿಗೆ "ಇವತ್ತು ಆಗುವುದಿಲ್ಲ" ಅನ್ನುವುದಕ್ಕೆ.

ತುಂಗಾಳಿಂದ ರಕ್ತ ತೆಗೆಸಿದೆ ಅಂದೆನಲ್ಲ, ಅದಕ್ಕೆ ಅರಿವಳಿಕೆ ಕೊಟ್ಟಿರಲಿಲ್ಲ. 17 ವರ್ಷದ ಮೂತ್ರಪಿಂಡಕ್ಕೆ ಆ ಭಾರ ಹಾಕಲು ನನಗೆ ಧೈರ್ಯ ಇರಲಿಲ್ಲ. ಅವಳೇ ಬಾಲ ಕೊಟ್ಟಳು.

ಇದಕ್ಕೆ ನಾವು ಎಂಟು ತಿಂಗಳು ತೆಗೆದುಕೊಂಡಿದ್ದೆವು, ಅವಳಿಗೆ 12 ವರ್ಷ ಆಗಿದ್ದಾಗ. ಮೊದಲು ಸರಳಿನ ಪಕ್ಕ ಬಂದು ನಿಂತರೆ ಒಂದು ಶಿಳ್ಳೆ, ಒಂದು ತುಂಡು ಕೋಳಿ ಮಾಂಸ. ಆಮೇಲೆ ಉದ್ದಕ್ಕೆ ಮಲಗಿದರೆ ಒಂದು ತುಂಡು. ಆಮೇಲೆ ಕೆಳಗಿನ ಕಿಂಡಿಯಿಂದ ಬಾಲ ಹೊರಗೆ ಎಳೆದರೆ ಸುಮ್ಮನಿದ್ದದ್ದಕ್ಕೆ ಒಂದು ತುಂಡು. ಬಾಲ ಹಿಡಿಯುವುದು, ಸ್ಪಿರಿಟ್ ಹಚ್ಚುವುದು, ಕಡ್ಡಿಯಿಂದ ಚುಚ್ಚಿದ ಹಾಗೆ ಮಾಡುವುದು, ಕೊನೆಗೆ ಸೂಜಿ. ಹುಲಿಯ ಬಾಲದಲ್ಲಿ ಒಳ್ಳೆಯ ರಕ್ತನಾಳ ಇದೆ. ಐದು ಮಿಲಿ ರಕ್ತ ಬರುವ ಹೊತ್ತಿಗೆ ಮುಂದೆ ಕೀಪರ್ ಅವಳ ಜೊತೆ ಮಾತಾಡುತ್ತಾ ಒಂದೊಂದೇ ತುಂಡು ಕೊಡುತ್ತಿರುತ್ತಾರೆ. ಅವಳಿಗೆ ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಬಲವಂತ ಇಲ್ಲ. ಬಲವಂತ ಒಂದು ಸಲ ಮಾಡಿದರೆ ಎಂಟು ತಿಂಗಳ ಕೆಲಸ ಮಣ್ಣುಪಾಲು.

ಆನೆಗಳಿಗಂತೂ ಇಂಥ ಅಭ್ಯಾಸ ಬೇಕೇ ಬೇಕು. ಕಾಲು ಎತ್ತಿ ಕೊಡಬೇಕು, ಉಗುರಿನ ಸಂದಿ ನೋಡಬೇಕು. ಕ್ಷಯ ಇದೆಯಾ ಅಂತ ನೋಡಲು ಸೊಂಡಿಲಿಗೆ ಉಪ್ಪುನೀರು ಬಿಟ್ಟು, ಸೊಂಡಿಲು ಎತ್ತಿಸಿ, ಮತ್ತೆ ಚೀಲಕ್ಕೆ ಊದಿಸಬೇಕು. ಬೇರೆ ಬೇರೆ ದಿನ ಮೂರು ಸಲ. ಮನುಷ್ಯರ ಕ್ಷಯ ಆನೆಗೆ ಬರುತ್ತದೆ, ಆನೆಯಿಂದ ಮಾವುತನಿಗೂ ಬರುತ್ತದೆ. ಹಾಗಾಗಿ ಮಾವುತರು, ಕಾವಾಡಿಗಳ ಎಕ್ಸ್‌ರೇ ಕೂಡ ನನ್ನ ಪಟ್ಟಿಯಲ್ಲಿದೆ. ಯಾರಾದರೂ ಹದಿನೈದು ದಿನ ಕೆಮ್ಮಿದರೆ ನಾನೇ ಆಸ್ಪತ್ರೆಗೆ ಕಳಿಸುತ್ತೇನೆ.

ರೋಗದ ವಿಷಯದಲ್ಲಿ ನಮ್ಮ ತಲೆಮಾರಿನವರ ಮನಸ್ಸಿನಲ್ಲಿ ಕೂತಿರುವುದು 2000ದ ಜುಲೈ. ಒಡಿಶಾದ ನಂದನಕಾನನದಲ್ಲಿ 12 ಹುಲಿಗಳು ಕೆಲವೇ ದಿನಗಳಲ್ಲಿ ಸತ್ತವು. ಟ್ರಿಪನೊಸೋಮ ಅನ್ನುವ ರಕ್ತದ ಪರಾವಲಂಬಿ. ದನಗಳಿಗೆ, ಕುದುರೆಗಳಿಗೆ ಬರುವ ಸುರ್ರಾ ರೋಗ ಅದೇ. ರಕ್ತ ಹೀರುವ ದೊಡ್ಡ ನೊಣ ಅದನ್ನು ಹರಡುತ್ತದೆ. ಮಳೆಗಾಲ ಬಂದರೆ ನಾನು ನೊಣ ನೋಡುತ್ತೇನೆ. ಸುತ್ತಲಿನ ಹಳ್ಳಿಗಳ ದನ ಬೇಲಿ ಪಕ್ಕ ಮೇಯುತ್ತಿವೆಯಾ ನೋಡುತ್ತೇನೆ. ಯಾವ ಹುಲಿಗಾದರೂ ಜ್ವರ ಅಂದರೆ ಮೊದಲು ರಕ್ತದ ಸ್ಲೈಡ್. ಸೂಕ್ಷ್ಮದರ್ಶಕದ ಕೆಳಗೆ ಎರೆಹುಳದ ಮರಿಯ ಹಾಗೆ ನುಲಿಯುವುದು ಕಂಡರೆ ಒಂದು ಗಂಟೆಯೂ ತಡ ಮಾಡುವ ಹಾಗಿಲ್ಲ.

2021ರ ಮೇ ತಿಂಗಳಲ್ಲಿ ಹೈದರಾಬಾದ್ ಝೂನ ಎಂಟು ಸಿಂಹಗಳಿಗೆ ಕೊರೊನಾ ಬಂತು ಅಂತ ಸುದ್ದಿ ಬಂದಾಗ ನಮ್ಮ ಸಿಂಹದ ಕೀಪರ್ ಮನೆಗೆ ಹೋಗುವುದನ್ನೇ ನಿಲ್ಲಿಸಿದರು. "ನಮ್ಮ ಬೀದಿಯಲ್ಲಿ ಎಲ್ಲರಿಗೂ ಜ್ವರ. ನಾನು ಹೊತ್ತು ತಂದು ಇವಕ್ಕೆ ಕೊಟ್ಟರೆ ಏನು ಗತಿ?" ಅಂದರು. ನಾಲ್ಕು ವಾರ ಮೇವಿನ ಗೋದಾಮಿನಲ್ಲೇ ಮಲಗಿದರು. ಯಾರೂ ಹೇಳಿರಲಿಲ್ಲ.

ಇಂಥವರಲ್ಲಿ ಎಷ್ಟೋ ಜನ ದಿನಗೂಲಿಯವರು. ಇಪ್ಪತ್ತು ವರ್ಷ ಒಂದೇ ಮನೆ ನೋಡಿಕೊಂಡವರಿಗೆ ಕೆಲಸ ಕಾಯಂ ಆಗಿರುವುದಿಲ್ಲ. ಅವರು ಬಿಟ್ಟು ಹೋದ ದಿನ ಆ ಪ್ರಾಣಿಯ ಇಪ್ಪತ್ತು ವರ್ಷದ ಕಥೆಯೂ ಅವರ ಜೊತೆ ಹೋಗುತ್ತದೆ. ನನ್ನ ಕೇಸ್ ಶೀಟಿನಲ್ಲಿ ಇರುವುದು ಔಷಧಿ ಕೊಟ್ಟ ದಿನಗಳು ಮಾತ್ರ. ಉಳಿದ ದಿನಗಳೆಲ್ಲ ಅವರ ತಲೆಯಲ್ಲಿವೆ. ಇದು ನನಗೆ ಸಂಕಟ ಕೊಡುವ ವಿಷಯ. ಹೋದ ಕಡೆಯಲ್ಲೆಲ್ಲ ಹೇಳುತ್ತೇನೆ, ಮೀಟಿಂಗ್‌ಗಳಲ್ಲಿ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ. ಕಾಯಂ ಮಾಡುವುದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಒಂದು ನೋಟ್‌ಬುಕ್. ಎರಡು ವರ್ಷದಿಂದ ಶನಿವಾರ ಮಧ್ಯಾಹ್ನ ಒಬ್ಬೊಬ್ಬರನ್ನು ಕೂರಿಸಿಕೊಂಡು ಅವರ ಪ್ರಾಣಿಯ ಬಗ್ಗೆ ಹೇಳಿಸಿ ಬರೆಯುತ್ತಿದ್ದೇನೆ. ಏನು ಕಂಡರೆ ಹೆದರುತ್ತದೆ, ಗುಡುಗು ಬಂದಾಗ ಎಲ್ಲಿ ಹೋಗಿ ಕೂರುತ್ತದೆ, ಮಾತ್ರೆಯನ್ನು ಯಾವುದರಲ್ಲಿ ಬಚ್ಚಿಟ್ಟರೆ ತಿನ್ನುತ್ತದೆ. ಆ ಕರಡಿ ಮಾತ್ರೆ ತಿನ್ನುವುದು ಬೆಲ್ಲದಲ್ಲಿ ಇಟ್ಟರೆ ಮಾತ್ರ. ಬಾಳೆಹಣ್ಣಿನಲ್ಲಿ ಇಟ್ಟರೆ ಹಣ್ಣು ತಿಂದು ಮಾತ್ರೆ ಉಗಿಯುತ್ತದೆ.

ನೋಡಲು ಬರುವವರಿಗೆ ಒಂದು ಮಾತು. ಕಡವೆಯ ಹೊಟ್ಟೆ ಕೊಯ್ದಾಗ ಚಿಪ್ಸ್ ಪೊಟ್ಟಣ, ಹಾಲಿನ ಕವರ್ ಎಲ್ಲ ಹಗ್ಗದ ಹಾಗೆ ಹೆಣೆದುಕೊಂಡು ಸಿಕ್ಕಿದ್ದನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಅದು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಪ್ರಾಣಿ ಹೊಟ್ಟೆ ತುಂಬಿದ ಹಾಗೇ ಹಸಿದು ಸಾಯುತ್ತದೆ. ದಯವಿಟ್ಟು ಏನನ್ನೂ ಎಸೆಯಬೇಡಿ. ಕೂಗಬೇಡಿ. ಮಲಗಿದ್ದರೆ ಮಲಗಿರಲಿ ಬಿಡಿ.

ತುಂಗಾಳ ವಿಷಯಕ್ಕೆ ಬರುತ್ತೇನೆ.

ಸೋತ ಮೂತ್ರಪಿಂಡ ಮತ್ತೆ ಮೊದಲಿನಂತೆ ಆಗುವುದಿಲ್ಲ. ವಯಸ್ಸಾದ ಹುಲಿ, ಸಿಂಹ, ಚಿರತೆಗಳಲ್ಲಿ ಇದು ಸಾಮಾನ್ಯ. ಮನೆಯ ಬೆಕ್ಕಿಗೂ ಹಾಗೇ. ಉಳಿದ ದಿನ ಸುಖವಾಗಿರುವ ಹಾಗೆ ನೋಡಿಕೊಳ್ಳಬಹುದು. ಮಾಂಸವನ್ನು ಒಂದೇ ಸಲ ಹಾಕುವುದು ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಮೂರು ಹೊತ್ತು ಕೊಟ್ಟೆವು. ಕೋಳಿ ಬೇಯಿಸಿದ ನೀರನ್ನು ತಣ್ಣಗೆ ಮಾಡಿ ಮೇಲೆ ಹುಯ್ದೆವು, ಹೇಗಾದರೂ ಮಾಡಿ ನೀರು ಹೊಟ್ಟೆಗೆ ಹೋಗಲಿ ಅಂತ. ಅವಳ ಪಾಲಿಗೆ ವಾರದ ಉಪವಾಸ ನಿಲ್ಲಿಸಿದೆ. ಸಿಮೆಂಟ್ ನೆಲದ ಮೇಲೆ ಮರದ ಹಲಗೆ ಹಾಕಿಸಿ, ಹುಲ್ಲು ಹಾಸಿಸಿದೆ. ಅವಳು ಸರಳಿಗೆ ಒರಗಿ ಮಲಗಿದಾಗ ಚರ್ಮದ ಕೆಳಗೆ ಸಲೈನ್ ಬಿಡುತ್ತಿದ್ದೆವು. ಅಭ್ಯಾಸ ಇದ್ದದ್ದರಿಂದ ಸುಮ್ಮನಿರುತ್ತಿದ್ದಳು. ಒಂದು ವಾರಕ್ಕೆ ಸ್ವಲ್ಪ ಗೆಲುವಾದಳು. ಹತ್ತನೇ ದಿನವೋ ಏನೋ, ಕೀಪರ್ ಬೆಳಿಗ್ಗೆ ದೂರದಿಂದಲೇ ಕೈ ಎತ್ತಿ "ಮಾತಾಡಿಸಿದ್ಲು!" ಅಂತ ಕೂಗಿಕೊಂಡು ಬಂದರು.

ಏಳು ತಿಂಗಳು ಇದ್ದಳು. ಕೊನೆಯ ಹದಿನೈದು ದಿನ ಇಳಿಯುತ್ತಾ ಬಂದಳು. ಮೊದಲು ಮಾಂಸ ಬಿಟ್ಟಳು. ಆಮೇಲೆ ಕೋಳಿ ನೀರನ್ನೂ ಬಿಟ್ಟಳು. ಬಾಯಿಯಲ್ಲಿ ಹುಣ್ಣಾಯಿತು. ನೋವಿಲ್ಲದೆ ಕಳಿಸಿಕೊಡುವ ವಿಷಯ ನಾನೇ ಎತ್ತಿದೆ. ಅನುಮತಿಗೆ ಕಾಗದ ಬರೆಯುವ ಮೊದಲು ಕೀಪರ್‌ಗೆ ಹೇಳಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. "ನಿಮಗೆ ಸರಿ ಅನಿಸಿದ್ದು ಮಾಡಿ ಡಾಕ್ಟ್ರಮ್ಮ. ನಾನು ಜೊತೆಗಿರ್ತೀನಿ" ಅಂದರು. ಆ ರಾತ್ರಿ ಅವರು ಮನೆಗೆ ಹೋಗಲಿಲ್ಲ. ನಾನೂ ಹನ್ನೊಂದರ ತನಕ ಅಲ್ಲೇ ಇದ್ದೆ. ಹೊರಡುವಾಗ ಅವರು ಸರಳಿನ ಈಚೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು, ಅವಳು ಆಚೆ ಹಲಗೆ ಮೇಲೆ. ಕಾಗದ ಕಳಿಸುವ ಅಗತ್ಯ ಬರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಬಂತು.

ಝೂನಲ್ಲಿ ಯಾವ ಪ್ರಾಣಿ ಸತ್ತರೂ ಮರಣೋತ್ತರ ಪರೀಕ್ಷೆ ಆಗಲೇಬೇಕು. ನಾನೇ ಮಾಡಿದೆ. ಮೂತ್ರಪಿಂಡ ಎರಡೂ ಸುಕ್ಕುಗಟ್ಟಿ ಚಿಕ್ಕದಾಗಿದ್ದವು. ಹುಲಿ ಆದ್ದರಿಂದ ಅಧಿಕಾರಿಗಳ ಎದುರಿಗೇ 18 ಉಗುರು, ನಾಲ್ಕು ಕೋರೆಹಲ್ಲು ಎಣಿಸಿ ಬರೆದುಕೊಂಡು, ಚರ್ಮದ ಸಮೇತ ಪೂರ್ತಿ ಸುಡಬೇಕು. ಯಾವುದೂ ಮಾರುವವರ ಕೈಗೆ ಹೋಗಬಾರದು. ಕೀಪರ್ ಕೊಯ್ಯುವ ಕೋಣೆಗೆ ಬರಲಿಲ್ಲ. ಸೌದೆ ಒಟ್ಟುವ ಹೊತ್ತಿಗೆ ಬಂದರು. ಒಂದು ಹಿಡಿ ಸೇವಂತಿಗೆ ಹೂ ತಂದಿದ್ದರು.

ಮಾರನೇ ದಿನ ರಜೆ ತೆಗೆದುಕೊಳ್ಳಿ ಅಂದಿದ್ದೆ. ತೆಗೆದುಕೊಳ್ಳಲಿಲ್ಲ. ಆರೂವರೆಗೆ ನಾನು ಆಸ್ಪತ್ರೆಗೆ ಬರುವಾಗ ಸೈಕಲ್ ಗೋಡೆಗೆ ಒರಗಿತ್ತು.

"ಪಕ್ಕದ ಮನೆ ಗಂಡು ನಿನ್ನೆ ಎರಡು ಕೆಜಿ ಬಿಟ್ಟಿದ್ದಾನೆ ಡಾಕ್ಟ್ರಮ್ಮ" ಅಂದರು. "ಅವಳ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಾನೆ. ಒಂದ್ಸಲ ಬಂದು ನೋಡಿ."

ರಿಜಿಸ್ಟರ್ ತೆಗೆದು ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡೆ. ಇಬ್ಬರೂ ಹುಲಿ ಮನೆ ಕಡೆ ಹೊರಟೆವು.